ಗಾಲ್ಫ್ ಕ್ಲಬ್ಬಿನ ಪ್ರೊ, ಅವರ ಉದ್ಯೋಗ ಮತ್ತು ಆಟ ಬೆಳೆಸುವ ಪಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನದಲ್ಲಿ, ನಿಂತು ಗಾಲ್ಫ್ ಕಲಿಸುವುದು ನನ್ನ ಉದ್ಯೋಗ. ನನ್ನಂಥವರನ್ನು ಪ್ರೊ, ಅಂದರೆ ವೃತ್ತಿಪರ, ಎಂದು ಕರೆಯುತ್ತಾರೆ. ಮಕ್ಕಳ ತಂದೆತಾಯಿ, ಕೋಚ್ ಆಗಬೇಕೆಂದಿರುವ ಕ್ಯಾಡಿಗಳು (ಆಟಗಾರರ ಕೋಲಿನ ಬ್ಯಾಗ್ ಹೊರುವವರು), ಕ್ಲಬ್ಬಿನ ಸಮಿತಿಯವರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಉತ್ತರಗಳನ್ನು ಒಂದೆಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿದೀತು ಎಂದು ಕುಳಿತೆ.

ಪ್ರಶ್ನೆ: ನೀವು ಪ್ರೊ ಎಂದರೆ ಟಿ.ವಿ.ಯಲ್ಲಿ ಬರುತ್ತೀರಾ?

ಬರುವುದಿಲ್ಲ. ಟಿ.ವಿ.ಯಲ್ಲಿ ಕಾಣುವವರು ಟೂರ್ ಆಟಗಾರರು. ಬಹುಮಾನದ ಹಣವೇ ಅವರ ಜೀವನೋಪಾಯ. ಕ್ಲಬ್ ಪ್ರೊ ಒಂದೇ ಕ್ಲಬ್ಬಿನಲ್ಲಿ ಅಥವಾ ರೇಂಜಿನಲ್ಲಿದ್ದು ಕಲಿಸುವವನು, ಸಲಕರಣೆ ಸರಿಹೊಂದಿಸಿ ಕೊಡುವವನು, ಸದಸ್ಯರ ಪಂದ್ಯಗಳನ್ನು ನಡೆಸಿಕೊಡುವವನು. ಎರಡು ದಾರಿಗಳೂ ಹೊರಟದ್ದು ಒಂದೇ ಮನೆಯಿಂದ. ಸ್ಕಾಟ್ಲೆಂಡಿನ ಓಲ್ಡ್ ಟಾಮ್ ಮಾರಿಸ್ ಚೆಂಡು ತಯಾರಿಸುತ್ತಿದ್ದರು, ಕೋಲು ಮಾಡುತ್ತಿದ್ದರು, ಹುಲ್ಲು ನೋಡಿಕೊಳ್ಳುತ್ತಿದ್ದರು, ಪಂದ್ಯವನ್ನೂ ಆಡುತ್ತಿದ್ದರು. ಅವರ ಯಜಮಾನ ಅಲನ್ ರಾಬರ್ಟ್‌ಸನ್ ಚರ್ಮದೊಳಗೆ ಗರಿ ತುಂಬಿದ ಚೆಂಡುಗಳನ್ನು ಮಾರುತ್ತಿದ್ದ. ಮಾರಿಸ್ ಹೊಸದಾಗಿ ಬಂದ, ಮರದ ಹಾಲಿನಿಂದ ಮಾಡಿದ ಅಗ್ಗದ ಗಟ್ಟಾ ಪರ್ಚಾ ಚೆಂಡಿನಲ್ಲಿ ಆಡಿದ್ದು ಗೊತ್ತಾಗಿ ಇಬ್ಬರಿಗೂ ಜಗಳವಾಯಿತು. ಮಾರಿಸ್ 1851ರಲ್ಲಿ ಪ್ರೆಸ್ಟ್‌ವಿಕ್ ಕ್ಲಬ್ ಸೇರಿದರು, 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲಿಯೇ. ಆಡಿದವರು ಎಂಟೇ ಜನ. ಅಗ್ಗದ ಚೆಂಡು ಬಂದ ಮೇಲೆಯೇ ಆಟ ಸಾಮಾನ್ಯರ ಕೈಗೆ ಸಿಕ್ಕಿತು ಎಂಬುದನ್ನು, ಇಂದು ಚೆಂಡಿನ ಬೆಲೆ ನೋಡಿ ನಿಟ್ಟುಸಿರು ಬಿಡುವ ನನ್ನ ವಿದ್ಯಾರ್ಥಿಗಳಿಗೆ ಆಗಾಗ ಹೇಳುತ್ತೇನೆ.

ಬ್ರಿಟನ್ನಿನ ವೃತ್ತಿಪರ ಗಾಲ್ಫ್ ಆಟಗಾರರ ಸಂಘ (ಪಿಜಿಎ) 1901ರಲ್ಲಿ, ಅಮೆರಿಕದ ಪಿಜಿಎ 1916ರಲ್ಲಿ ಹುಟ್ಟಿದವು. ಎರಡೂ ಮೂಲತಃ ಕ್ಲಬ್ ಪ್ರೊಗಳ ಸಂಘಗಳು. ಅಮೆರಿಕದಲ್ಲಿ ಟೂರ್ ಆಟಗಾರರು 1968ರಲ್ಲಿ ಬೇರೆಯಾದರು. ಇಂದಿನ ಪಿಜಿಎ ಟೂರ್ ಆ ಪಾಲುಪಟ್ಟಿಯ ಫಲ. ನಮ್ಮಲ್ಲಿ ಪಂದ್ಯಾವಳಿ ನಡೆಸುವ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ (ಪಿಜಿಟಿಐ) 2006ರಲ್ಲಿ ಶುರುವಾಯಿತು. ಅಲ್ಲಿ ಆಡುವವರನ್ನೂ ರೇಂಜಿನಲ್ಲಿ ಕಲಿಸುವವರನ್ನೂ ಜನ ಒಂದೇ ಹೆಸರಿನಿಂದ ಕರೆಯುತ್ತಾರೆ, ಗೊಂದಲ ಹುಟ್ಟುವುದು ಅಲ್ಲಿ.

ಪ್ರಶ್ನೆ: ನಿಮ್ಮ ಒಂದು ದಿನ ಹೇಗಿರುತ್ತದೆ?

ಬೆಳಿಗ್ಗೆ ಐದೂ ಮುಕ್ಕಾಲಿಗೆ ರೇಂಜಿನಲ್ಲಿರುತ್ತೇನೆ. ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಚೆಂಡು ಉರುಳಿದಲ್ಲೆಲ್ಲ ಬಸವನಹುಳು ಹರಿದಂತೆ ಒಂದು ಗೆರೆ ಬೀಳುತ್ತದೆ. ಆ ಗೆರೆಗಳೇ ನನ್ನ ಮೊದಲ ಪಾಠದ ಕಪ್ಪುಹಲಗೆ: ಪಟ್ಟಿಂಗ್ ಗ್ರೀನಿನಲ್ಲಿ (ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ) ಚೆಂಡು ಎಲ್ಲಿ ತಿರುಗಿತು, ಎಷ್ಟು ದೂರ ಸರಿಯಿತು ಎಂಬುದು ಬಿಸಿಲೇರುವವರೆಗೆ ಹಾಗೆಯೇ ಕಾಣುತ್ತದೆ. ಆರರಿಂದ ಎಂಟರವರೆಗೆ ಕಚೇರಿಗೆ ಹೋಗುವವರು, ಎಂಟರಿಂದ ಹತ್ತರವರೆಗೆ ನಿವೃತ್ತರು ಮತ್ತು ಗೃಹಿಣಿಯರು. ನಡು ಮಧ್ಯಾಹ್ನ ಬಿಕೋ ಎನ್ನುತ್ತದೆ. ಆಗ ಹಿಡಿಕೆಯ ರಬ್ಬರ್ ಬದಲಾಯಿಸುವುದು, ಪಾಠದ ಟಿಪ್ಪಣಿ ಬರೆಯುವುದು, ಹಣ ಬಾಕಿ ಇಟ್ಟವರಿಗೆ ಸಭ್ಯವಾಗಿ ನೆನಪಿಸುವುದು. ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ. ರೇಂಜಿನ ದೀಪ ಆರುವ ಹೊತ್ತಿಗೆ ಎಂಟು. ಶನಿವಾರ, ಭಾನುವಾರ ಊರಿಗೆಲ್ಲ ರಜೆ, ನಮಗೆ ಸುಗ್ಗಿ.

ಇಷ್ಟರಲ್ಲಿ ನಾನೇ ಚೆಂಡು ಹೊಡೆಯುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಟದ ಮೋಹದಿಂದ ಈ ಕೆಲಸಕ್ಕೆ ಬಂದವರು ಮೊದಲು ಕಳೆದುಕೊಳ್ಳುವುದು ಆಟವನ್ನೇ. ಬರುವ ಮೊದಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಪ್ರಶ್ನೆ: ಕೋಚ್ ಆಗಲು ಪರೀಕ್ಷೆ, ಪ್ರಮಾಣಪತ್ರ ಬೇಕೇ?

ಕಾನೂನು ಯಾರನ್ನೂ ತಡೆಯುವುದಿಲ್ಲ, ಒಳ್ಳೆಯ ಕ್ಲಬ್‌ಗಳು ತಡೆಯುತ್ತವೆ. ನಮ್ಮಲ್ಲಿ ಕೋಚ್‌ಗಳಿಗೆ ತರಬೇತಿ ಕೊಟ್ಟು ದರ್ಜೆವಾರು ಪ್ರಮಾಣಪತ್ರ ನೀಡುವುದು ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ. ಅಮೆರಿಕದಲ್ಲಿ ಪಿಜಿಎ ಸೇರಲು ಆಟದ ಪರೀಕ್ಷೆಯೂ ಇದೆ: ಸಾಂಪ್ರದಾಯಿಕವಾಗಿ ಒಂದೇ ದಿನ 36 ಹೋಲ್, ಅಂದರೆ ಎರಡು ಪೂರ್ತಿ ಸುತ್ತು, ಆಡಿ, ಕೋರ್ಸ್ ರೇಟಿಂಗಿನ (ಆ ಗಾಲ್ಫ್ ಮೈದಾನದಲ್ಲಿ ನುರಿತ ಆಟಗಾರನಿಗೆ ಒಂದು ಸುತ್ತಿಗೆ ಬೇಕಾಗುವ ಹೊಡೆತಗಳ ಅಂದಾಜಿನ) ಎರಡರಷ್ಟಕ್ಕೆ 15 ಸೇರಿಸಿದ ಗುರಿಯೊಳಗೆ ಮುಗಿಸಬೇಕು. ಕೇಳಲು ಸುಲಭ. ಎರಡನೆಯ ಸುತ್ತಿನ ಕೊನೆಯಲ್ಲಿ ಕಾಲು ಸೋತಾಗ ನಾಲ್ಕಡಿಯ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಎದುರಿಗೆ ನಿಂತರೆ ಗೊತ್ತಾಗುತ್ತದೆ.

ಪ್ರಮಾಣಪತ್ರದಿಂದ ಕಲಿಸುವ ಕಲೆ ಬರುತ್ತದೆಯೇ ಎಂದರೆ, ಬರುವುದಿಲ್ಲ. ಆದರೆ ಕಲಿಸಬಾರದ್ದನ್ನು ಕಲಿಸದಿರುವ ಎಚ್ಚರವಾದರೂ ಬರುತ್ತದೆ. ಹತ್ತು ವರ್ಷದ ಹುಡುಗನಿಗೆ ದೊಡ್ಡವರ ಭಾರದ ಕೋಲು ಕತ್ತರಿಸಿ ಕೊಟ್ಟು ಅವನ ಮಣಿಕಟ್ಟು ಕೆಡಿಸಿದ ‘ಅನುಭವಿ’ಗಳನ್ನು ಕಂಡಿದ್ದೇನೆ. ಕೋಚ್‌ಗಿರಿಗೆ ದೇಶ ಕೊಡುವ ಗೌರವವೂ ನಿಧಾನವಾಗಿ ಬರುತ್ತಿದೆ. ಗಾಲ್ಫ್ ಕೋಚ್ ಜಸ್ಕೀರತ್ ಸಿಂಗ್ ಗ್ರೇವಾಲ್ ಅವರಿಗೆ 2023ರ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿ ಜೀವಮಾನ ಸಾಧನೆಯ ವಿಭಾಗದಲ್ಲಿ ಬಂತು.

ಪ್ರಶ್ನೆ: ನನ್ನ ಮಗಳು ಚೆನ್ನಾಗಿ ಆಡುತ್ತಾಳೆ. ಬಿಡುವಿನಲ್ಲಿ ಚಿಕ್ಕ ಮಕ್ಕಳಿಗೆ ಹಣ ಪಡೆದು ಕಲಿಸಬಹುದೇ?

ದಯವಿಟ್ಟು ಮೊದಲು ಯೋಚಿಸಿ. ಪಾಠಕ್ಕೆ ಹಣ ಪಡೆದರೆ ಅವಳ ಅಮೆಚೂರ್, ಅಂದರೆ ಹವ್ಯಾಸಿ ಆಟಗಾರ್ತಿಯ, ಸ್ಥಾನ ಹೋಗುತ್ತದೆ; ಕ್ಲಬ್ಬಿನಲ್ಲಿ ಅಥವಾ ರೇಂಜಿನಲ್ಲಿ ಪ್ರೊ ಆಗಿ ಕೆಲಸಕ್ಕೆ ಸೇರಿದರೂ ಅಷ್ಟೆ. 2022ರ ಜನವರಿಯಿಂದ ಅಮೆಚೂರ್ ನಿಯಮಗಳು ಎಷ್ಟೋ ಸಡಿಲವಾಗಿವೆ, ಪ್ರಾಯೋಜಕರ ಹಣ ಪಡೆಯಲೂ ಅಡ್ಡಿಯಿಲ್ಲ. ಆದರೆ ಪಾಠದ ಹಣ ಮತ್ತು 700 ಪೌಂಡ್ ಅಥವಾ 1000 ಡಾಲರ್ ಮೀರಿದ ಬಹುಮಾನ ಇನ್ನೂ ಲಕ್ಷ್ಮಣರೇಖೆ. ಶಾಲೆಯ ದೈಹಿಕ ಶಿಕ್ಷಕರು ಕೆಲಸದ ಒಂದು ಭಾಗವಾಗಿ ಕಲಿಸುವುದು, ಬರಹದಲ್ಲಿ ಅಥವಾ ಆನ್‌ಲೈನ್ ವಿಡಿಯೊದಲ್ಲಿ ಎಲ್ಲರಿಗೂ ಹೇಳಿಕೊಡುವುದು, ಇಂಥ ಕೆಲವಕ್ಕೆ ವಿನಾಯಿತಿ ಇದೆ. ಕಳೆದುಕೊಂಡ ಸ್ಥಾನವನ್ನು ಅರ್ಜಿ ಹಾಕಿ ಮರಳಿ ಪಡೆಯಬಹುದು, ಆದರೆ ಅಮೆರಿಕದ ಕಾಲೇಜು ತಂಡದ ಕನಸು ಕಾಣುತ್ತಿರುವ ಹುಡುಗಿ ಕಾಫಿ ದುಡ್ಡಿಗಾಗಿ ಆ ಗೋಜಿಗೆ ಬೀಳುವುದು ಯಾಕೆ?

ಪ್ರಶ್ನೆ: ಸಂಪಾದನೆ ಎಷ್ಟು?

ಮದುವೆ ಮನೆಯ ಪ್ರಶ್ನೆ ಇದೇ. ಅಂಕಿ ಹೇಳುವುದಿಲ್ಲ, ರೀತಿ ಹೇಳುತ್ತೇನೆ. ಕೆಲವು ಕ್ಲಬ್‌ಗಳು ಸಣ್ಣ ಸಂಬಳ ಕೊಟ್ಟು ಪಾಠದ ಹಣದಲ್ಲಿ ಪಾಲು ಇಟ್ಟುಕೊಳ್ಳುತ್ತವೆ. ಕೆಲವು ಸಂಬಳ ಕೊಡುವುದಿಲ್ಲ, ನಿಂತು ಕಲಿಸಲು ಅನುಮತಿ ಕೊಡುತ್ತವೆ, ಅದಕ್ಕೆ ನಾವೇ ಹಣ ಕಟ್ಟಬೇಕು. ಅಕಾಡೆಮಿಗಳಲ್ಲಿ ತಿಂಗಳ ಸಂಬಳ, ಹೆಚ್ಚು ಗಂಟೆ. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಪ್ರೊ ಶಾಪ್ ಪ್ರೊನದೇ, ಕೋಲು, ಚೆಂಡು, ಕೈಚೀಲ ಮಾರಿದ ಲಾಭವೇ ಬೆನ್ನೆಲುಬು. ಆನ್‌ಲೈನ್ ಅಂಗಡಿಗಳು ಬಂದ ಮೇಲೆ ಆ ಬೆನ್ನೂ ಬಾಗಿದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಲಯವಿದೆ. ಮಾರ್ಚ್ ಪರೀಕ್ಷೆಯ ತಿಂಗಳು, ಮಕ್ಕಳಿಲ್ಲ. ಏಪ್ರಿಲ್, ಮೇ ಬೇಸಿಗೆ ಶಿಬಿರ, ಕೈ ತುಂಬ ಕೆಲಸ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಜೆಯ ಮಳೆ ಯಾವಾಗ ಪಾಠ ನುಂಗುತ್ತದೆಂದು ಹೇಳಲಾಗದು. ಮೊದಲ ಎರಡು ವರ್ಷ ಮೇ ತಿಂಗಳ ಹಣವನ್ನು ಮೇ ತಿಂಗಳಲ್ಲೇ ಖರ್ಚು ಮಾಡಿದೆ, ಆಗಸ್ಟ್‌ನಲ್ಲಿ ಅಣ್ಣನ ಮನೆಯ ಬಾಗಿಲು ತಟ್ಟಿದೆ. ಹೊಸಬರಿಗೆ ನನ್ನ ಸಲಹೆ ಮೂರು: ಒಪ್ಪಂದ ಬರಹದಲ್ಲಿರಲಿ, ಹತ್ತು ಪಾಠದ ಹಣ ಮುಂಗಡ ಪಡೆದರೆ ಅದು ಇನ್ನೂ ನಿಮ್ಮದಲ್ಲ ಎಂದು ಬೇರೆ ಖಾತೆಯಲ್ಲಿಡಿ, ಆರೋಗ್ಯ ವಿಮೆ ಮಾಡಿಸಿ. ಸೊಂಟ ನೋವು ಈ ವೃತ್ತಿಯ ಸಹೋದರ. ಇಪ್ಪತ್ತು ವರ್ಷ ಬಿಸಿಲಿನಲ್ಲಿ ನಿಲ್ಲುವವರು ಟೋಪಿ ಮತ್ತು ಸನ್‌ಸ್ಕ್ರೀನ್ ವಿಷಯದಲ್ಲಿ ನಾಚಿಕೆ ಪಡಬಾರದು.

ಪ್ರಶ್ನೆ: ಕ್ಯಾಡಿ ಕೋಚ್ ಆಗಬಹುದೇ?

ಆಗಬಹುದು, ಆಗಬೇಕು. ಭಾರತದ ಗಾಲ್ಫಿನ ಅರ್ಧ ಚರಿತ್ರೆ ಬ್ಯಾಗ್ ಹೊತ್ತವರದು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಪ್ರೊ. ಎಸ್‌ಎಸ್‌ಪಿ ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದರು. ಮಗ 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮವರೇ ಆದ ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಹಳ್ಳಿಯಿಂದ ಈಗಲ್ಟನ್ ಕೋರ್ಸಿಗೆ ಚೆಂಡು ಹೆಕ್ಕಲು ಹೋದ ಹುಡುಗ. ಕೋಚ್ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿ ಪಿಜಿಟಿಐ ಪ್ರಶಸ್ತಿಗಳ ಸಾಲನ್ನೇ ಗೆದ್ದರು. ಅದೇ ದಿವೇಚಾ ಗಾಲ್ಫ್ ಆಟಗಾರ ಅನಿರ್ಬನ್ ಲಾಹಿರಿಯವರಿಗೂ ಗುರು. ಸೇನಾ ವೈದ್ಯರ ಮಗ ಲಾಹಿರಿಯನ್ನೂ ಚೆಂಡು ಹೆಕ್ಕುತ್ತಿದ್ದ ಹಳ್ಳಿಯ ಹುಡುಗನನ್ನೂ ಒಂದೇ ರೇಂಜಿನಲ್ಲಿ ನಿಲ್ಲಿಸಿದ ಆ ಕೆಲಸ ನನ್ನ ಪಾಲಿಗೆ ಯಾವ ಟ್ರೋಫಿಗಿಂತಲೂ ದೊಡ್ಡದು.

ನನಗೆ ಬಂಕರಿನಿಂದ (ಮರಳಿನ ಗುಂಡಿಯಿಂದ) ಹೊಡೆಯುವುದನ್ನು ಕಲಿಸಿದ್ದೂ ಒಬ್ಬ ಕ್ಯಾಡಿ. ಮಳೆ ನಿಂತ ಮಧ್ಯಾಹ್ನ, ನಾನು ಮರಳಿನಲ್ಲಿ ಇಪ್ಪತ್ತು ಚೆಂಡು ಹೂತು ಕುಳಿತಿದ್ದೆ. ಆತ ಕೋಲನ್ನೇ ತೆಗೆದುಕೊಳ್ಳಲಿಲ್ಲ. ಬಗ್ಗಿ ಒಂದು ಹಿಡಿ ಮರಳನ್ನು ಬೊಗಸೆಗೆ ತುಂಬಿಕೊಂಡು ಗ್ರೀನಿನ ಮೇಲೆ ತೂರಿದ. “ಚೆಂಡನ್ನು ಮುಟ್ಟಬೇಡಿ ಸ್ವಾಮಿ. ಅದರ ಕೆಳಗಿನ ಇಷ್ಟು ಮರಳನ್ನು ಅಲ್ಲಿಗೆ ಎಸೆಯಿರಿ. ಚೆಂಡು ಸವಾರಿ ಹೋಗುತ್ತದೆ,” ಎಂದ. ಅದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯ ನನಗೆ ಇಂದಿಗೂ ಸಿಕ್ಕಿಲ್ಲ.

ಹಾಗಿದ್ದರೆ ತಡೆ ಎಲ್ಲಿ? ಅರ್ಜಿ ನಮೂನೆಯಲ್ಲಿ, ಇಂಗ್ಲಿಷಿನ ಪಠ್ಯದಲ್ಲಿ, ತರಬೇತಿಯ ವಾರಗಳಲ್ಲಿ ನಿಂತುಹೋಗುವ ದಿನಗೂಲಿಯಲ್ಲಿ. ಕ್ಲಬ್ ಮನಸ್ಸು ಮಾಡಿದರೆ ಇವು ಮೂರನ್ನೂ ಒಂದು ಸಭೆಯಲ್ಲಿ ಬಗೆಹರಿಸಬಹುದು. ಶುಲ್ಕ ಕ್ಲಬ್ ಕಟ್ಟಲಿ, ಆ ವಾರಗಳ ಕೂಲಿ ಕೊಡಲಿ, ಓದಿ ಹೇಳಲು ಒಬ್ಬ ಸದಸ್ಯ ವಾರಕ್ಕೆರಡು ಸಂಜೆ ಕುಳಿತುಕೊಳ್ಳಲಿ. ಇನ್ನೊಂದು ತಡೆ ಕಣ್ಣಿಗೆ ಕಾಣುವುದಿಲ್ಲ: ನಿನ್ನೆ ಬ್ಯಾಗ್ ಹೊತ್ತವನಿಂದ ಇಂದು ಪಾಠ ಹೇಳಿಸಿಕೊಳ್ಳಲು ಕೆಲವು ಸದಸ್ಯರಿಗೆ ಆಗುವ ಮುಜುಗರ. ಅದು ಹಳೆಯ ರೋಗ. 1920ರಲ್ಲಿ ಇಂಗ್ಲೆಂಡಿನ ಡೀಲ್‌ನಲ್ಲಿ ಓಪನ್ ನಡೆದಾಗ ಪ್ರೊಗಳಿಗೆ ಕ್ಲಬ್‌ಹೌಸ್ ಪ್ರವೇಶವಿರಲಿಲ್ಲ. ಅಮೆರಿಕದ ವಾಲ್ಟರ್ ಹೇಗನ್ ದುಬಾರಿ ಕಾರೊಂದನ್ನು ಬಾಡಿಗೆಗೆ ತಂದು ಬಾಗಿಲ ಎದುರೇ ನಿಲ್ಲಿಸಿ ಅದನ್ನೇ ಉಡುಪಿನ ಕೋಣೆ ಮಾಡಿಕೊಂಡ. ನಮ್ಮಲ್ಲಿ ಅಂಥ ಕಾರು ಯಾರ ಬಳಿಯೂ ಇಲ್ಲ. ಕೋಚ್ ಮತ್ತು ಕ್ಯಾಡಿಗೆ ಕುಳಿತು ಊಟ ಮಾಡಲು ಒಂದು ಬೆಂಚು, ಒಂದು ಫ್ಯಾನು ಇದೆಯೇ ಎಂದು ಪ್ರತಿ ಕ್ಲಬ್ ನೋಡಿಕೊಂಡರೆ ಸದ್ಯಕ್ಕೆ ಸಾಕು.

ಪ್ರಶ್ನೆ: ಮೊದಲ ಪಾಠದಲ್ಲಿ ಏನು ಕಲಿಸುತ್ತೀರಿ?

ದೂರಕ್ಕೆ ಹೊಡೆಯುವ ಉದ್ದದ ಕೋಲಾದ ಡ್ರೈವರ್ ಮುಟ್ಟಿಸುವುದಿಲ್ಲ. ಕುಳಿಯಿಂದ ಒಂದು ಅಡಿ ದೂರದಲ್ಲಿ ನಿಲ್ಲಿಸಿ, ಚೆಂಡನ್ನು ಮೆಲ್ಲಗೆ ಉರುಳಿಸುವ ಕೋಲಾದ ಪಟ್ಟರ್ ಕೊಡುತ್ತೇನೆ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಒಂದು ಅಡಿಯಿಂದ ಯಾರೂ ತಪ್ಪುವುದಿಲ್ಲ. ಚೆಂಡು ಒಳಗೆ ಬೀಳುವ ಆ ಸದ್ದು ಕೇಳಿದ ಮೇಲೆ ಎರಡು ಅಡಿ, ಆಮೇಲೆ ಐದು, ಆಮೇಲೆ ಗ್ರೀನಿನ ಅಂಚು. ಹೀಗೆ ಹಿಂದೆ ಹಿಂದೆ ಸರಿಯುತ್ತ ಮೂರನೆಯ ಪಾಠಕ್ಕೆ ಮಧ್ಯಮ ದೂರದ ಕೋಲಾದ ಸೆವೆನ್ ಐರನ್ ಹಿಡಿಯುತ್ತಾರೆ.

ಮೊದಲು ನಾನೂ ತಿರುಗುಮುರುಗಾಗಿಯೇ ಕಲಿಸುತ್ತಿದ್ದೆ. ಹಿಡಿತ ಹೀಗೆ, ಮೊಣಕಾಲು ಹಾಗೆ, ತಲೆ ಎತ್ತಬೇಡಿ, ಎಡಗೈ ನೇರ ಎಂದು ಮೊದಲ ಗಂಟೆಯಲ್ಲೇ ಹನ್ನೊಂದು ಸೂಚನೆ ಕೊಟ್ಟು, ಎದುರಿಗಿದ್ದವರು ಮರದ ಗೊಂಬೆಯಂತೆ ಬಿಗಿದು ನಿಂತು ಗಾಳಿಗೆ ಬೀಸಿದ್ದನ್ನು ನೋಡಿದ್ದೇನೆ. ಅಕ್ಕಪಕ್ಕದವರು ನಗದಿದ್ದರೂ ನಕ್ಕಂತೆಯೇ ಅವರಿಗೆ ಅನಿಸುತ್ತದೆ. ಅಂಥವರು ಎರಡನೆಯ ದಿನ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ; ‘ಆಫೀಸಿನಲ್ಲಿ ಕೆಲಸ ಜಾಸ್ತಿ’ ಎಂದು ಸಂದೇಶ ಬರುತ್ತದೆ. ಆಟ ಬೆಳೆಸುವ ಬಗ್ಗೆ ದೊಡ್ಡ ಸಮಾವೇಶಗಳಲ್ಲಿ ಏನೇ ಮಾತಾಡಲಿ, ಅದು ಬೆಳೆಯುವುದೂ ಬಾಡುವುದೂ ಈ ಮೊದಲ ಗಂಟೆಯಲ್ಲಿ ಎಂಬುದು ನನ್ನ ಲೆಕ್ಕ.

ಪ್ರಶ್ನೆ: ಕನ್ನಡದಲ್ಲಿ ಗಾಲ್ಫ್ ಕಲಿಸಲಾಗುತ್ತದೆಯೇ?

ಸಂತೋಷವಾಗಿ. ಬಂಕರ್, ಗ್ರಿಪ್, ಫೇರ್‌ವೇ ಮುಂತಾದ ಹೆಸರುಗಳು ಹಾಗೆಯೇ ಇರಲಿ, ಅವು ಕ್ಯಾಡಿಗಳ ಬಾಯಲ್ಲಿ ಎಂದೋ ಕನ್ನಡವಾಗಿವೆ. ಆದರೆ ಮೈಗೆ ತಿಳಿಯಬೇಕಾದ್ದನ್ನು ಮೈ ಬಲ್ಲ ಮಾತಿನಲ್ಲೇ ಹೇಳಬೇಕು. ಹಳ್ಳಿಯಿಂದ ಬಂದ ಹುಡುಗರಿಗೆ ‘ಸೌದೆ ಸೀಳಿದಂತೆ ಬೇಡ, ಕವಣೆ ಬೀಸಿದಂತೆ ಬೀಸು’ ಎಂದರೆ ಭುಜದ ಬಿಗಿ ತಾನಾಗಿ ಸಡಿಲುತ್ತದೆ. ಹಿಡಿತ ಎಷ್ಟು ಗಟ್ಟಿ ಇರಬೇಕೆಂದರೆ, ಕೋಳಿಮರಿ ಹಿಡಿದಷ್ಟು: ಹಾರಿಹೋಗಬಾರದು, ಉಸಿರೂ ಕಟ್ಟಬಾರದು. ಗ್ರೀನಿನ ಇಳಿಜಾರು ತಿಳಿಯಲು ‘ಇಲ್ಲಿ ಒಂದು ಕೊಡ ನೀರು ಚೆಲ್ಲಿದರೆ ಎತ್ತ ಹರಿಯುತ್ತದೆ?’ ಎಂದು ಕೇಳುತ್ತೇನೆ. ಅಂಗಳ ಸಾರಿಸಿದ ಮನೆಯ ಹೆಣ್ಣುಮಕ್ಕಳು ನೋಟದಲ್ಲೇ ಉತ್ತರ ಹೇಳುತ್ತಾರೆ, ಇಂಜಿನಿಯರ್‌ಗಳು ಮೊಬೈಲ್ ತೆಗೆಯುತ್ತಾರೆ.

ಚಿನ್ನಿದಾಂಡು ಆಡಿದವರು ಬೇಗ ಕಲಿಯುತ್ತಾರೆ, ಅವರ ಕಣ್ಣು ಚಿಕ್ಕ ವಸ್ತುವಿನ ಮೇಲೆ ನಿಲ್ಲುತ್ತದೆ. ಕ್ರಿಕೆಟ್ ಆಡಿದವರಿಗೆ ಹೊಡೆತದ ಧೈರ್ಯವಿದೆ, ಆದರೆ ನಿಂತ ಚೆಂಡಿನ ಎದುರು ತಾಳ್ಮೆ ಇಲ್ಲ.

ಪ್ರಶ್ನೆ: ಮಕ್ಕಳನ್ನು ಯಾವ ವಯಸ್ಸಿಗೆ ಕರೆತರಬೇಕು?

ಅವರು ಕೇಳಿದಾಗ. ಬೆಂಗಳೂರಿನ ಆಟಗಾರ್ತಿ ಅದಿತಿ ಅಶೋಕ್ ಐದನೆಯ ವಯಸ್ಸಿನಲ್ಲಿ ಶುರುಮಾಡಿದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ರೇಂಜಿನಲ್ಲಿ. ರೇಂಜು ಕಾಣುವ ಹೋಟೆಲಿಗೆ ತಂದೆತಾಯಿಯೊಡನೆ ತಿಂಡಿಗೆ ಹೋಗುತ್ತಿದ್ದ ಮಗುವಿಗೆ ಅಲ್ಲಿ ಹಾರುವ ಚೆಂಡುಗಳ ಮೇಲೆ ಕಣ್ಣು ಬಿತ್ತು. ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಗಾಲ್ಫ್ ಆಡಿದವರಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಹುಡುಗಿಗೆ ತಂದೆಯೇ ಕ್ಯಾಡಿ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ತಾಯಿ ಬ್ಯಾಗ್ ಹೊತ್ತರು. ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂತು. ಆ ಶನಿವಾರ ಬೆಳಗಿನ ಜಾವ ಎದ್ದು, ಗಾಲ್ಫ್‌ನಲ್ಲಿ ಎಷ್ಟು ಕುಳಿಗಳಿವೆ ಎಂದೂ ಗೊತ್ತಿಲ್ಲದ ಮನೆಗಳು ಟಿ.ವಿ. ಮುಂದೆ ಕುಳಿತಿದ್ದವು. ಮುಂದಿನ ವಾರ ನನ್ನ ರೇಂಜಿಗೆ ಬಂದ ಹೊಸ ಮಕ್ಕಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಹತ್ತು ವರ್ಷದವರೆಗೆ ಈಜು, ಓಟ, ಮರ ಹತ್ತುವುದು, ಎಲ್ಲ ಇರಲಿ. ಆರು ವರ್ಷದ ಮಗುವಿನ ಸ್ವಿಂಗ್ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡುವ ತಂದೆಯರಿಗೆ ನಾನು ಕೈಮುಗಿಯುತ್ತೇನೆ.

ಪ್ರಶ್ನೆ: ಇದು ಶ್ರೀಮಂತರ ಆಟವಲ್ಲವೇ?

ಬಹಳ ಮಟ್ಟಿಗೆ ಹೌದು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಅಂದು ಬ್ರಿಟಿಷ್ ಅಧಿಕಾರಿಗಳಿಗಾಗಿಯೇ ಹುಟ್ಟಿದ್ದು. ಇಂದಿಗೂ ಹಳೆಯ ಕ್ಲಬ್‌ಗಳ ಸದಸ್ಯತ್ವ ಎಲ್ಲರಿಗೂ ಎಟಕುವಂಥದ್ದಲ್ಲ. ಆದರೆ ಕಲಿಯಲು ಸದಸ್ಯತ್ವ ಬೇಕಿಲ್ಲ. ರೇಂಜಿನಲ್ಲಿ ಬಕೆಟ್ ಲೆಕ್ಕದಲ್ಲಿ ಚೆಂಡು ಸಿಗುತ್ತದೆ. ನಿಯಮದ ಪ್ರಕಾರ ಹದಿನಾಲ್ಕು ಕೋಲು ಒಯ್ಯಬಹುದು, ಒಯ್ಯಲೇಬೇಕೆಂದಿಲ್ಲ. ಮೊದಲ ಆರು ತಿಂಗಳಿಗೆ ಒಂದು ಸೆವೆನ್ ಐರನ್, ಒಂದು ಪಟ್ಟರ್ ಸಾಕು, ಅವನ್ನೂ ಹಳೆಯದೇ ಕೊಳ್ಳಿ. ಪೂರ್ತಿ ಸೆಟ್ ಕೊಂಡು ಮೂರು ತಿಂಗಳಿಗೆ ಮಂಚದಡಿ ತಳ್ಳಿದವರ ಪಟ್ಟಿ ನನ್ನಲ್ಲಿದೆ. ಹಳೆಯ ಸೆಟ್ ಬೇಕಾದವರಿಗೆ ಅದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ತಿಂಗಳಿಗೆ ಒಂದು ದಿನ ಹತ್ತಿರದ ಸರ್ಕಾರಿ ಶಾಲೆಯ ಮೈದಾನಕ್ಕೆ ಹೋಗುತ್ತೇನೆ. ಪ್ಲಾಸ್ಟಿಕ್ ಕೋಲು, ಟೆನಿಸ್ ಚೆಂಡು, ಹಗ್ಗದಿಂದ ಮಾಡಿದ ವೃತ್ತ, ಇಷ್ಟೇ ಸಾಮಗ್ರಿ. ಮೊದಲ ಸಲ ಹೋದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಹೊಡೆದು, ಚೆಂಡು ವೃತ್ತದ ಪಕ್ಕ ಹಾದುಹೋದ ಕೂಡಲೆ ಕೋಲು ಕೆಳಗಿಟ್ಟು ಸಾಲಿನ ಕೊನೆಗೆ ಹೊರಟಳು. “ಎಲ್ಲಿಗೆ? ಹೋಗಿ ಅಲ್ಲಿಂದ ಮತ್ತೆ ಹೊಡೆ,” ಎಂದೆ. ಅವಳು ನಂಬಲಿಲ್ಲ. “ಇದರಲ್ಲಿ ಔಟ್ ಆಗುವುದಿಲ್ಲವಾ ಸಾರ್?” ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಅವಳು ಒಂಬತ್ತು ಹೊಡೆತದಲ್ಲಿ ವೃತ್ತ ಮುಟ್ಟಿದಳು, ಒಂಬತ್ತನ್ನೂ ಗಟ್ಟಿಯಾಗಿ ಎಣಿಸಿದಳು.

ಪ್ರಶ್ನೆ: ಮಹಿಳೆಯರು ಕಲಿಯಲು ಬರುತ್ತಾರೆ, ಉಳಿಯುವುದಿಲ್ಲ. ಯಾಕೆ?

ಉಳಿಯಲು ನಾವು ಬಿಡುವುದಿಲ್ಲ, ಅದಕ್ಕೆ. ಬ್ಯಾಂಕ್ ಅಧಿಕಾರಿಯೊಬ್ಬರು ಗಂಡನ ಜೊತೆ ಪಾಠಕ್ಕೆ ಬಂದರು. ನಾನು ಒಂದು ಮಾತು ಹೇಳಿದರೆ ಹಿಂದಿನಿಂದ ಗಂಡನ ಮೂರು ಮಾತು: ತಲೆ ಕೆಳಗೆ, ನಿಧಾನ, ಅಯ್ಯೋ ಹಾಗಲ್ಲ. ಹತ್ತು ನಿಮಿಷಕ್ಕೆ ಅವರ ಕಿವಿ ಕೆಂಪಾಯಿತು. ಅಂದಿನಿಂದ ನನ್ನಲ್ಲೊಂದು ಲಿಖಿತ ನಿಯಮವಿದೆ: ಪಾಠದ ಹೊತ್ತಿನಲ್ಲಿ ಗಂಡಂದಿರು ಕ್ಯಾಂಟೀನಿನಲ್ಲಿ ಕಾಫಿ ಕುಡಿಯತಕ್ಕದ್ದು. ಆಕೆ ಈಗ ಗಂಡನಿಗಿಂತ ಚೆನ್ನಾಗಿ ಆಡುತ್ತಾರೆ. ಗಂಡ ಈಗಲೂ ಕಾಫಿ ಕುಡಿಯುತ್ತಾರೆ.

ಉಳಿದದ್ದು ವ್ಯವಸ್ಥೆಯ ತಪ್ಪು. ವಾರಾಂತ್ಯದ ಬೆಳಗಿನ ಒಳ್ಳೆಯ ಹೊತ್ತೆಲ್ಲ ಹಳೆಯ ಗಂಡಸರ ಗುಂಪುಗಳ ವಂಶಪಾರಂಪರ್ಯ ಆಸ್ತಿ. ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ಕುಳಿಗೆ ಹತ್ತಿರವಿರುವ ಮುಂದಿನ ಟೀಗೆ ‘ಲೇಡೀಸ್ ಟೀ’ ಎಂದು ಹೆಸರಿಟ್ಟ ಕಾರಣಕ್ಕೆ, ಅಲ್ಲಿಂದ ಆಡಬೇಕಾದ ಎಪ್ಪತ್ತರ ಅಜ್ಜ ಹಿಂದಿನ ಟೀಯಿಂದ ಹೊಡೆದು ಸೋಲುತ್ತಾನೆ. ಬಣ್ಣದ ಹೆಸರು ಹೇಳಿ ಸಾಕು. ಗಾಲ್ಫ್ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಸಂಸ್ಥೆ 2018ರಲ್ಲಿ ಗಾಲ್ಫ್‌ನಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಗಾಗಿ ಒಂದು ಸನ್ನದು ಹೊರಡಿಸಿತು. ಕ್ಲಬ್‌ಗಳು ಅದಕ್ಕೆ ಸಹಿ ಹಾಕುವ ಜೊತೆಗೆ ಶನಿವಾರ ಏಳು ಗಂಟೆಯ ಆಟದ ಸರದಿಯನ್ನೂ ಬಿಟ್ಟುಕೊಟ್ಟರೆ ನಂಬುತ್ತೇನೆ. ಮಹಿಳಾ ಕೋಚ್‌ಗಳೂ ಬೇಕು. ಅಮೆರಿಕದಲ್ಲಿ ಹದಿಮೂರು ಹೆಂಗಸರು ಸೇರಿ 1950ರಲ್ಲಿ ಮಹಿಳಾ ವೃತ್ತಿಪರರ ಸಂಘವಾದ ಎಲ್‌ಪಿಜಿಎ ಕಟ್ಟಿದರು, 1959ರಲ್ಲೇ ಅದಕ್ಕೆ ಬೋಧಕಿಯರ ವಿಭಾಗವೂ ಬಂತು. ಈ ಆಟ ಯಾರನ್ನೆಲ್ಲ ಹೊರಗಿಟ್ಟಿತ್ತು ಎನ್ನುವುದಕ್ಕೆ ಇನ್ನೊಂದು ಸಾಕ್ಷಿ: ಅಮೆರಿಕದ ಪಿಜಿಎ 1934ರಿಂದ 1961ರವರೆಗೆ ಸದಸ್ಯತ್ವ ಬಿಳಿಯರಿಗೆ ಮಾತ್ರ ಎಂದು ತನ್ನ ನಿಯಮದಲ್ಲೇ ಬರೆದಿಟ್ಟುಕೊಂಡಿತ್ತು. ಕ್ಲಬ್ ಪ್ರೊಗಳ ಸಂಘವೇ ಹೀಗೆ ಮಾಡಿದ್ದು ಎಂದು ನೆನೆದರೆ ನನಗೆ ಈಗಲೂ ತಲೆ ತಗ್ಗುತ್ತದೆ.

ಪ್ರಶ್ನೆ (ಸಮಿತಿಯವರದು): ಹೊಸಬರನ್ನು ಬಿಟ್ಟರೆ ಆಟ ನಿಧಾನವಾಗುವುದಿಲ್ಲವೇ?

ನಿಮ್ಮ ಕೋರ್ಸಿನಲ್ಲಿ ಒಂದು ಭಾನುವಾರ ನನ್ನ ಜೊತೆ ನಿಂತು ನೋಡಿ. ನಿಧಾನ ಮಾಡುವವರು ಮೂವತ್ತು ವರ್ಷದಿಂದ ಸದಸ್ಯರಾಗಿರುವವರು: ಪ್ರತಿ ಪಟ್‌ಗೂ ನಾಲ್ಕು ದಿಕ್ಕಿನಿಂದ ಕುಕ್ಕರಗಾಲಲ್ಲಿ ಕುಳಿತು ನೋಡುವವರು. ಕಳೆದ ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲಿನಂತೆ ಐದಲ್ಲ. ಒಂದು ಹೊಡೆತಕ್ಕೆ ನಲವತ್ತು ಸೆಕೆಂಡ್ ಮೀರಬಾರದೆಂಬ ಸಲಹೆಯೂ ನಿಯಮಪುಸ್ತಕದಲ್ಲಿದೆ. ಹೊಸಬರು ಇವನ್ನು ಮೊದಲ ದಿನವೇ ಕಲಿತು ಬರುತ್ತಾರೆ, ಹಳಬರು ಓದುವುದಿಲ್ಲ.

ನಾನು ಕೇಳುವುದು ಬಹಳವಲ್ಲ. ವಾರದಲ್ಲಿ ಖಾಲಿ ಬಿದ್ದಿರುವ ಒಂದು ಮಧ್ಯಾಹ್ನ, ಕ್ಲಬ್‌ಹೌಸಿಗೆ ಹತ್ತಿರದ ಮೂರು ಹೋಲ್, ಜೊತೆಗೆ ಒಬ್ಬ ಕೋಚ್. ಹದಿನೆಂಟು ಹೋಲ್ ಆಡಲು ನಾಲ್ಕು ಗಂಟೆ ಬೇಕು, ಬೆಂಗಳೂರಿನ ರಸ್ತೆಯಲ್ಲಿ ಇನ್ನೆರಡು. ಮೂರು ಹೋಲ್ ಒಂದು ಗಂಟೆಯೊಳಗೆ ಮುಗಿಯುತ್ತದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರಿಗೂ 54ರವರೆಗೆ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) ಸಿಗುತ್ತದೆ, ಒಂಬತ್ತು ಹೋಲಿನ ಸ್ಕೋರೂ ಲೆಕ್ಕಕ್ಕೆ ಬರುತ್ತದೆ. ಕಾರ್ಡು ಕೈಗೆ ಬಂದ ದಿನದಿಂದ ಹೊಸಬ ಆಟಗಾರನಾಗುತ್ತಾನೆ.

ಪ್ರಶ್ನೆ: ಇಷ್ಟು ನೆಲ, ಇಷ್ಟು ನೀರು ಒಂದು ಆಟಕ್ಕೆ ಸರಿಯೇ?

ಕೇಳಬೇಕಾದ ಪ್ರಶ್ನೆ, ಕೋಚ್ ಆದವನು ತಪ್ಪಿಸಿಕೊಳ್ಳಬಾರದು. ಬೆಂಗಳೂರಿನ ಪ್ರಸಿದ್ಧ ಕೋರ್ಸೊಂದು ನಿಂತಿರುವುದು ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಎಂಬುದು ಊರಿಗೆಲ್ಲ ಗೊತ್ತು. ಸಂಸ್ಕರಿಸಿದ ಕೊಳಚೆ ನೀರನ್ನು ಹುಲ್ಲಿಗೆ ಹಾಯಿಸುವುದು ಈಗ ರೂಢಿಗೆ ಬಂದಿದೆ, ಒಳ್ಳೆಯದು. ನಗರದಲ್ಲಿ ಹೊಸ ಹದಿನೆಂಟು ಹೋಲಿನ ಕೋರ್ಸ್ ಕೇಳುವ ಬದಲು, ಇರುವುದನ್ನೇ ಹೆಚ್ಚು ಜನ ಬಳಸುವಂತೆ ಮಾಡುವುದು, ಸಣ್ಣ ಜಾಗದಲ್ಲಿ ರೇಂಜು ಮತ್ತು ಪಾರ್ ಮೂರರ (ಮೂರು ಹೊಡೆತದಲ್ಲಿ ಮುಗಿಸಬೇಕಾದ) ಪುಟ್ಟ ಹೋಲ್‌ಗಳನ್ನು ಕಟ್ಟುವುದು ಸರಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಕ್ಲಬ್ ಪ್ರೊ ದೊಡ್ಡ ಪಂದ್ಯ ಆಡುವುದುಂಟೇ?

ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಇಪ್ಪತ್ತು ಸ್ಥಾನ ಕ್ಲಬ್ ಪ್ರೊಗಳಿಗೇ ಮೀಸಲು. 2023ರಲ್ಲಿ ಓಕ್ ಹಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಾರ್ವಜನಿಕ ಕೋರ್ಸಿನ ಹೆಡ್ ಪ್ರೊ ಮೈಕೆಲ್ ಬ್ಲಾಕ್, ಕೊನೆಯ ದಿನ ಹೆಸರಾಂತ ಟೂರ್ ಆಟಗಾರ ರೋರಿ ಮೆಕಿಲ್‌ರಾಯ್ ಜೊತೆ ಆಡುತ್ತ 15ನೆಯ ಹೋಲಿನಲ್ಲಿ ಮೊದಲ ಹೊಡೆತದಲ್ಲೇ ಚೆಂಡನ್ನು ನೇರ ಕುಳಿಗೇ ಇಳಿಸಿದರು. ಚೆಂಡು ಒಳಗೆ ಹೋದದ್ದು ಅವರಿಗೆ ಕಾಣಲೇ ಇಲ್ಲ, ಮೆಕಿಲ್‌ರಾಯ್ ಹೇಳಬೇಕಾಯಿತು. ಜಂಟಿ ಹದಿನೈದನೆಯ ಸ್ಥಾನ ಬಂತು. ನನ್ನಂಥವರು ಆ ವಿಡಿಯೊವನ್ನು ಮಳೆಗಾಲದಲ್ಲಿ ಪಾಠ ರದ್ದಾದ ಸಂಜೆಗಳಿಗೆಂದು ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಯೂಟ್ಯೂಬ್ ನೋಡಿ ಕಲಿಯಬಹುದಲ್ಲ?

ಕಲಿಯಬಹುದು. ಆಮೇಲೆ ನನ್ನ ಬಳಿ ಬಂದಾಗ ದುಪ್ಪಟ್ಟು ಪಾಠ ಬೇಕಾಗುತ್ತದೆ, ನನಗೇನೂ ನಷ್ಟವಿಲ್ಲ.

ಪ್ರಶ್ನೆ: ನೀವು ಬೆಳೆಸಿದ ಹುಡುಗ ದೊಡ್ಡ ಕೋಚ್ ಬಳಿಗೆ ಹೋದರೆ ಬೇಸರವಾಗುವುದಿಲ್ಲವೇ?

ಆಗುತ್ತದೆ. ಎರಡು ದಿನ. ಹೋಗುವವರ ಕೈಗೆ ಅವರ ಟಿಪ್ಪಣಿ ಪುಸ್ತಕ ಕೊಟ್ಟು ಕಳಿಸುತ್ತೇನೆ: ಮೊದಲ ದಿನದ ಹಿಡಿತ, ಯಾವ ವರ್ಷ ಎಷ್ಟು ಎತ್ತರ ಬೆಳೆದ, ಯಾವ ಮಾತು ಹೇಳಿದರೆ ತಲೆಗೆ ಹೋಗುತ್ತದೆ, ಯಾವುದಕ್ಕೆ ಮುನಿಸಿಕೊಳ್ಳುತ್ತಾನೆ. ಮುಂದಿನ ಕೋಚ್‌ಗೆ ಯಂತ್ರದ ಅಂಕಿಗಳೆಲ್ಲ ಸಿಗುತ್ತವೆ, ಇವು ಸಿಗುವುದಿಲ್ಲ. ಒಬ್ಬ ಹುಡುಗ ಎರಡು ವರ್ಷದ ಮೇಲೆ ಅದೇ ಪುಸ್ತಕ ಹಿಡಿದು, ತಮ್ಮನನ್ನೂ ಕರೆದುಕೊಂಡು ಬಂದ.

ಪ್ರಶ್ನೆ: ನಾಳೆ ಬೆಳಿಗ್ಗೆ ಬರುತ್ತೇನೆ. ಏನು ತರಬೇಕು?

ಕಾಲರ್ ಇರುವ ಅಂಗಿ, ಅಡಿ ಚಪ್ಪಟೆ ಇರುವ ಬೂಟು, ಟೋಪಿ, ನೀರಿನ ಬಾಟಲಿ. ಜೀನ್ಸ್ ಹಾಕಿಕೊಂಡು ಬಂದರೆ ಕೆಲವು ಕ್ಲಬ್‌ಗಳ ಗೇಟಿನಲ್ಲೇ ನಿಲ್ಲಿಸುತ್ತಾರೆ. ಉಂಗುರ ಮನೆಯಲ್ಲಿಟ್ಟು ಬನ್ನಿ, ಬೆರಳು ನೋಯುತ್ತದೆ. ಕೋಲು, ಚೆಂಡು ನನ್ನಲ್ಲಿವೆ. ಆರು ಗಂಟೆ ಎಂದರೆ ಐದೂ ಐವತ್ತಕ್ಕೆ ಬನ್ನಿ. ಇಬ್ಬನಿ ಆರುವ ಮೊದಲು ನಿಮ್ಮ ಮೊದಲ ಪಟ್‌ನ ಗೆರೆ ನೋಡಬೇಕು.